ಮುಂಬಯಿಗೆ ವಿದ್ಯುತ್ತು ಬರುವ ದಾರಿ

ಸಹ್ಯಾದ್ರಿಯ ಮಳೆನೀರನ್ನು ಕಟ್ಟೆ ಕಟ್ಟಿ ನಿಲ್ಲಿಸಿ, ಘಟ್ಟದ ಬುಡದ ಖೋಪೋಲಿಯಲ್ಲಿ ಟಾಟಾ ಸಂಸ್ಥೆಯವರು 1915ರಲ್ಲಿಯೇ ವಿದ್ಯುಚ್ಛಕ್ತಿಯನ್ನು ಉತ್ಪಾದಿಸಿ ಮುಂಬಯಿಯ ಗಿರಣಿಗಳಿಗೆ ಒದಗಿಸಿದರು. 1922ರಲ್ಲಿ ಭಿವಪುರಿ, 1927ರಲ್ಲಿ ಭೀರಾ ವಿದ್ಯುದಾಗಾರಗಳು ಅದರ ಜೊತೆಗೂಡಿದವು. ಮುಂದೆ ಟ್ರಾಂಬೆಯಲ್ಲಿ ಉಷ್ಣ ವಿದ್ಯುದಾಗಾರವೂ ತಲೆಯೆತ್ತಿತು. ಆದರೆ ನಗರವು ಬೆಳೆದಂತೆ ಇವಿಷ್ಟೇ ಸಾಲದಾಗಿ, ಹೊರಗಿನ ವಿದ್ಯುತ್ತನ್ನು ಆಶ್ರಯಿಸಬೇಕಾಯಿತು.

ಶಕ್ತಿಯಿದ್ದರೆ ಸಾಲದು, ಅದು ಬರುವ ದಾರಿಯೂ ಬೇಕು. ಸಮುದ್ರ, ಖಾಡಿ, ಒತ್ತಾದ ಮನೆಗಳ ನಡುವೆ ಹೊಸ ಗೋಪುರ ನಿಲ್ಲಿಸಲು ನೆಲವೆಲ್ಲಿದೆ? 2020ರ ಅಕ್ಟೋಬರ್ 12ರಂದು ಬೆಳಿಗ್ಗೆ ಹತ್ತರ ಸುಮಾರಿಗೆ ಹೊರಗಿನ ತಂತಿಮಾರ್ಗಗಳು ಕೈಕೊಟ್ಟವು. ಅಂತಹ ವೇಳೆ ನಗರವನ್ನು ಬೇರ್ಪಡಿಸಿ ಕಾಪಾಡಬೇಕಾದ ಏರ್ಪಾಡೂ ಫಲಿಸಲಿಲ್ಲ. ಲೋಕಲ್ ಗಾಡಿಗಳು ನಡುದಾರಿಯಲ್ಲಿಯೇ ನಿಂತವು.

ವರ್ಷಗಟ್ಟಲೆ ವಿಳಂಬವಾಗಿದ್ದ ಖಾರಘರ್–ವಿಕ್ರೋಲಿ ಮಾರ್ಗವು 2023ರ ಅಕ್ಟೋಬರಿನಲ್ಲಿ ಕೊನೆಗೂ ಪೂರ್ಣವಾಯಿತು. 400 ಕಿಲೋವೋಲ್ಟಿನ ಈ ಮಾರ್ಗದಿಂದ ಇನ್ನೂ 1,000 ಮೆಗಾವಾಟ್ ವಿದ್ಯುತ್ತನ್ನು ನಗರಕ್ಕೆ ತರುವುದು ಸಾಧ್ಯವಾಗಿದೆ. ಇದು ಸಂತೋಷದ ಸಂಗತಿ.

ಇದರ ವೆಚ್ಚವೂ ಕಡೆಗೆ ಬಳಕೆದಾರರ ಬಿಲ್ಲಿಗೇ ಸೇರುವುದು ನಿಜ. ಆದರೆ ದಾರಿಯಿಲ್ಲದಿದ್ದರೆ ತೆರುವ ಬೆಲೆಯೇನು ಕಡಿಮೆಯೆ? ರುಬ್ಬುವ ಯಂತ್ರ ನಿಂತರೆ ಹೋಟೆಲಿನ ನಾಳಿನ ಇಡ್ಲಿಗೆ ಹಿಟ್ಟಿಲ್ಲ. ಗಾಡಿ ನಿಂತರೆ ಗುಮಾಸ್ತನು ಹೊತ್ತಿಗೆ ಕಚೇರಿ ಸೇರಲಾರ. ಬಿಲ್ಲು ಕೊಡುವ ನಾವು ದರವನ್ನಷ್ಟೇ ಅಲ್ಲ, ಕಾಮಗಾರಿಯ ವಿಳಂಬವನ್ನೂ ಪ್ರಶ್ನಿಸಬೇಕು.