ನಿಮಗಿದು ಗೊತ್ತೆ? ಅಕ್ಕನ ಅಂಗಿ ತಮ್ಮನಿಗೂ ಸಲ್ಲುತ್ತದೆ

ಗಂಡು ಮಗು ಹುಟ್ಟಿದರೆ ಗುಂಡು ಹಾರಿಸಿ, ಹರಳುಗಿಡದ ಕಡ್ಡಿಯ ಪುಟ್ಟ ಬಿಲ್ಲು-ಬಾಣವನ್ನು ಕೂಸಿನ ಕೈಗೆ ಮುಟ್ಟಿಸುವುದು ಕೊಡವರ ಸಂಪ್ರದಾಯ. ಗಂಡೆಂಬ ಗುರುತನ್ನು ಇಲ್ಲಿ ಬಿಲ್ಲು ಹೇಳುತ್ತದೆ, ಬಟ್ಟೆಯ ಬಣ್ಣವಲ್ಲ. ಮದುಮಗನೂ ಬಿಳಿ ಕುಪ್ಯದ (ನಿಲುವಂಗಿ) ಮೇಲೆ ಕೆಂಪು ರೇಷ್ಮೆಯ ಚೇಲೆ (ಸೊಂಟಪಟ್ಟಿ) ಸುತ್ತಿ ಪೀಚೆಕತ್ತಿ ಸಿಕ್ಕಿಸುತ್ತಾನೆ. ಹಾಗಿರುವಾಗ ಅಕ್ಕನ ಗುಲಾಬಿ ಅಂಗಿಯನ್ನು ತಮ್ಮನಿಗೆ ತೊಡಿಸಲು ಹಿಂಜರಿಯುವುದೇಕೆ? ‘ಹುಡುಗಿಗೆ ಗುಲಾಬಿ, ಹುಡುಗನಿಗೆ ನೀಲಿ’ ಎಂಬುದು ಹೊರಗಿನಿಂದ ಬಂದದ್ದು. ಅಲ್ಲೂ ಅದು ತೀರಾ ಹಳೆಯದಲ್ಲ. 1918ರಲ್ಲಿ ಅಮೆರಿಕದ ಮಕ್ಕಳ ಉಡುಪು ವ್ಯಾಪಾರದ ಪತ್ರಿಕೆಯೊಂದು ಗುಲಾಬಿಯನ್ನೇ ಹುಡುಗರಿಗೆ ಶಿಫಾರಸು ಮಾಡಿತ್ತು. ಮುಂದೆ ಆ ದೇಶದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ 1884ರ ಫೋಟೊದಲ್ಲಿ ಫ್ರಾಕ್ ತೊಟ್ಟಿದ್ದಾರೆ.

ಹುಡುಗನ ಸ್ವಭಾವ ಬದಲಾದೀತೆಂಬ ಅಂಜಿಕೆಗೂ ಆಧಾರವಿಲ್ಲ. ತಾನು ಹುಡುಗನೋ ಹುಡುಗಿಯೋ ಎಂದು ಮಗು ಹೇಳತೊಡಗುವುದೇ ಎರಡು-ಮೂರು ವರ್ಷಕ್ಕೆ. ಅಷ್ಟರಲ್ಲಿ ಆ ಅಂಗಿ ಗಿಡ್ಡವಾಗಿರುತ್ತದೆ. ಹಳೆ ಬಟ್ಟೆ ಶುಚಿಯಲ್ಲ ಎಂಬ ಆಕ್ಷೇಪದಲ್ಲಿ ಮಾತ್ರ ಹುರುಳಿದೆ. ಕೊಡಗಿನ ಮಳೆಗಾಲದಲ್ಲಿ ಎತ್ತಿಟ್ಟ ಬಟ್ಟೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಬಿಸಿನೀರಲ್ಲಿ ಒಗೆದು, ಪೂರ್ತಿ ಒಣಗಿಸಿ, ಇಸ್ತ್ರಿ ಹಾಕಿ. ಸಡಿಲ ಗುಂಡಿ, ಕುತ್ತಿಗೆಯ ಲಾಡಿ ತೆಗೆದುಬಿಡಿ. ಹತ್ತಾರು ಒಗೆತ ಕಂಡ ಹತ್ತಿಬಟ್ಟೆ ಮೆತ್ತಗಾಗಿ, ಹೊಸ ಬಟ್ಟೆಯ ಗಂಜಿಯನ್ನೂ ಹೆಚ್ಚುವರಿ ಬಣ್ಣವನ್ನೂ ಬಿಟ್ಟಿರುತ್ತದೆ. ಒದ್ದೆ ಬಟ್ಟೆ ಬೇಗ ಒಣಗದ ಜೂನ್, ಜುಲೈನಲ್ಲಿ ಕೂಸಿಗೆ ಎಷ್ಟು ಜೊತೆಯಿದ್ದರೂ ಸಾಲದು. ಎಳೆಯ ಚರ್ಮಕ್ಕೆ ಬೇಕಾದದ್ದು ಮೆದು, ಶುಚಿ, ಬೆಚ್ಚಗಿನ ಬಟ್ಟೆ. ಅದು ಅಕ್ಕನದಾದರೆ ಧೈರ್ಯವಾಗಿ ತೊಡಿಸಿ.