ಹಬ್ಬದ ಖರ್ಚಿಗೆ ಬೆಳೆ ಬಂದಾಗಲೇ ಲೆಕ್ಕ



ಗೌರಿ-ಗಣೇಶದಿಂದ ಹಿಡಿದು ನವರಾತ್ರಿ, ಭೂಮಿ ಹುಣ್ಣಿಮೆ, ದೀಪಾವಳಿ, ತುಳಸಿ ಪೂಜೆಯವರೆಗೆ ಮಲೆನಾಡಿನಲ್ಲಿ ಹಬ್ಬಗಳು ಒಂದರ ಹಿಂದೆ ಒಂದು ಬರುತ್ತವೆ. ಇವುಗಳಲ್ಲಿ ದೀಪಾವಳಿಯನ್ನು ನಾವು ದೊಡ್ಡ ಹಬ್ಬವೆಂದೇ ಕರೆಯುತ್ತೇವೆ, ಖರ್ಚೂ ದೊಡ್ಡದೇ. ಹಬ್ಬ ಬೇಡವೆನ್ನುವುದು ಈ ಲೇಖನದ ಉದ್ದೇಶವಲ್ಲ. ಆ ಖರ್ಚಿನ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ವಿಚಾರ ಮಾಡಬೇಕಾಗಿದೆ.

ಸಂಬಳದಾರರಿಗೆ ತಿಂಗಳಿಗೊಮ್ಮೆ ಹಣ ಬರುತ್ತದೆ, ನಮಗೆ ವರ್ಷಕ್ಕೊಮ್ಮೆ. ದೀಪಾವಳಿಯ ಹೊತ್ತಿಗೆ ಅಡಿಕೆಯ ಕೊನೆಕೊಯ್ಲು ಆಗಷ್ಟೇ ಆರಂಭ. ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹೋಗುವಷ್ಟರಲ್ಲಿ ಸಂಕ್ರಾಂತಿ ದಾಟಿರುತ್ತದೆ. ಅರೇಬಿಕಾ ಕೊಯ್ಲು ನವೆಂಬರಿನಿಂದ, ರೊಬಸ್ಟಾ ಅದರ ಮೇಲೆ. ಹಿಂದಿನ ಫಸಲಿನ ಹಣ ಮಳೆಗಾಲದ ಮನೆಖರ್ಚು, ಮಕ್ಕಳ ಫೀಸು, ಮೈಲುತುತ್ತ-ಸುಣ್ಣಗಳಿಗೆ ಮುಗಿದಿರುತ್ತದೆ. ಅದೇ ವೇಳೆಗೆ ಕಾಫಿಗೆ ಮಳೆಗಾಲದ ನಂತರದ ಗೊಬ್ಬರ ಹಾಕಬೇಕು, ಕೊಯ್ಲಿನ ಆಳುಗಳಿಗೆ ಮುಂಗಡ ಕೊಡಬೇಕು. ಅಂದರೆ ಕೈ ಅತ್ಯಂತ ಬರಿದಾದ ತಿಂಗಳಲ್ಲೇ ಅತಿ ದೊಡ್ಡ ಹಬ್ಬ ಬರುತ್ತದೆ.

ಕಾಫಿ ಬೋರ್ಡಿನ ಪೂಲ್ ಪದ್ಧತಿ ಇದ್ದ ಕಾಲದಲ್ಲಿ ಹಣ ಕಂತುಕಂತಾಗಿ ಬರುತ್ತಿತ್ತು. ತಡವಾಗುತ್ತದೆಂದು ನಮ್ಮ ಹಿರಿಯರು ಗೊಣಗಿದ್ದುಂಟು. ಯಾವುದಾದರೊಂದು ಕಂತು ಹಬ್ಬಕ್ಕೆ ಒದಗಿದ್ದೂ ಉಂಟು. 1995ರಲ್ಲಿ ಸಣ್ಣ ಬೆಳೆಗಾರರಿಗೆ, 1996ರಲ್ಲಿ ಎಲ್ಲರಿಗೂ ಮುಕ್ತ ಮಾರಾಟದ ಅವಕಾಶ ಬಂತು. ಈಗ ಹಣ ಒಟ್ಟಿಗೆ ಕೈಸೇರುತ್ತದೆ. ಅದನ್ನು ಕಂತು ಮಾಡಿ ಇಡುವ ಕೆಲಸ ನಮ್ಮ ಪಾಲಿಗೆ ಬಂದಿದೆ.

ಇದನ್ನು ಮಾಡದೆ ಕೆಟ್ಟವರಲ್ಲಿ ನಾವೂ ಒಬ್ಬರು. 2014ರಲ್ಲಿ ಕೆಂಪಡಿಕೆ ಧಾರಣೆ ಬಹಳ ಏರಿದಾಗ ದೀಪಾವಳಿಗೆ ಮನೆಮಂದಿಗೆಲ್ಲ ಎರಡೆರಡು ಜೊತೆ ಬಟ್ಟೆ, ಮಗಳಿಗೆ ಬಳೆ, ನೆಂಟರಿಗೆಲ್ಲ ಉಡುಗೊರೆ. 2015ರಲ್ಲಿ ಧಾರಣೆ ಇಳಿಯಿತು, ಖರ್ಚು ಇಳಿಯಲಿಲ್ಲ. ಹೋದ ಸಲ ಕೊಟ್ಟು ಈ ಸಲ ಕೊಡದಿದ್ದರೆ ಏನೆಂದುಕೊಂಡಾರು ಎಂಬ ಸಂಕೋಚದಿಂದ ಮಂಡಿಯೊಂದರಲ್ಲಿ ಮುಂಗಡ ತಂದೆವು. ಫಸಲಿನಲ್ಲಿ ಅದನ್ನು ಮುರಿದುಕೊಂಡು ಉಳಿದ ಹಣ ಜೂನಿಗೇ ಮುಗಿಯಿತು. ಮೊದಲನೆಯ ಬೋರ್ಡೋ ಸಿಂಪಡಣೆಯಾಗಿ 40-45 ದಿನಕ್ಕೆ ಎರಡನೆಯದು ಆಗಬೇಕಷ್ಟೆ. ಮೈಲುತುತ್ತಕ್ಕೂ ಆಳಿಗೂ ಹಣ ಹೊಂದಿಸುವಷ್ಟರಲ್ಲಿ ಹದಿನೈದು ದಿನ ತಡವಾಯಿತು. ಕೆಳಗಿನ ತೋಟಕ್ಕೆ ಕೊಳೆ ಬಿತ್ತು. ಉದುರಿದ ಕಾಯಿ ಹೆಕ್ಕುತ್ತಿದ್ದ ನಮ್ಮ ತಾಯಿಯವರು, “ಇದು ಹೋದ ಹಬ್ಬದ್ದು” ಎಂದರು. ಆ ಮಾತನ್ನು ನಾವು ಮರೆತಿಲ್ಲ.

ಒಂದು ಲೆಕ್ಕ ನೋಡೋಣ. ಅಕ್ಟೋಬರಿನಲ್ಲಿ 40,000 ರೂ. ಕೈಸಾಲ ತಂದು, ತಿಂಗಳಿಗೆ ನೂರಕ್ಕೆ 2ರಂತೆ ಬಡ್ಡಿ ಕೊಟ್ಟು ಮಾರ್ಚಿನಲ್ಲಿ ತೀರಿಸಿದರೆ ಐದು ತಿಂಗಳ ಬಡ್ಡಿ 4,000 ರೂ. ಸಾಲದ ಹಂಗಿನಿಂದ ಧಾರಣೆ ನೋಡದೆ ಮಾಲು ಬಿಟ್ಟು ಕ್ವಿಂಟಾಲಿಗೆ 1,000 ರೂ. ಕಡಿಮೆ ಸಿಕ್ಕಿದರೆ 5 ಕ್ವಿಂಟಾಲಿಗೆ 5,000 ರೂ. ನಷ್ಟ. 40,000 ರೂಪಾಯಿಯ ಹಬ್ಬಕ್ಕೆ 49,000 ತೆತ್ತಂತಾಯಿತು. ಅಷ್ಟೇ ಹಣವನ್ನು ಏಪ್ರಿಲಿನಲ್ಲಿ ವರ್ಷಕ್ಕೆ ಶೇ. 6ರ ಠೇವಣಿಯಲ್ಲಿ ಇಟ್ಟಿದ್ದರೆ ಆರು ತಿಂಗಳಿಗೆ 1,200 ರೂ. ನಮಗೇ ಬರುತ್ತಿತ್ತು.

ಆದ್ದರಿಂದ ನಮ್ಮ ಸಲಹೆಗಳು ಹೀಗಿವೆ:

1. ಫಸಲು ಮಾರಿದ ವಾರದಲ್ಲೇ ಹಣವನ್ನು ಭಾಗ ಮಾಡಿರಿ. ಮೊದಲು ಬೆಳೆಸಾಲ, ಗಡುವು ದಾಟಿದರೆ ಬಡ್ಡಿ ರಿಯಾಯಿತಿ ತಪ್ಪುತ್ತದೆ. ಆಮೇಲೆ ತೋಟದ ಖರ್ಚು, ಮನೆಖರ್ಚು. ಹಬ್ಬದ ಪಾಲನ್ನು ಹಬ್ಬದ ಮುಂಚೆ ಕೈಸೇರುವಂತೆ ಠೇವಣಿ ಇಡಿರಿ.

2. ಹಬ್ಬದ ಮೊತ್ತವನ್ನು ಸಾಧಾರಣ ಧಾರಣೆಯ ವರ್ಷಕ್ಕೆ ತಕ್ಕಂತೆ ಗೊತ್ತುಮಾಡಿರಿ. ಏರಿದ ಖರ್ಚು ಧಾರಣೆಯೊಡನೆ ಇಳಿಯುವುದಿಲ್ಲ. 2024-25ರ ಕಾಫಿ ಧಾರಣೆಯನ್ನು ಕಂಡವರು ಇದನ್ನು ವಿಶೇಷವಾಗಿ ಗಮನಿಸಬೇಕು.

3. ಮನೆಯವರೆಲ್ಲ ಕುಳಿತು ಪಟ್ಟಿ ಬರೆಯಿರಿ. ತೋಟದ ಕೆಲಸದವರ ಬಟ್ಟೆ, ಇನಾಮು ಪಟ್ಟಿಯ ಮೊದಲ ಸಾಲಿನಲ್ಲಿರಲಿ. ಅದರಲ್ಲಿ ಕಡಿತ ಕೂಡದು. ಪಕ್ಕದ ಮನೆಗೆ ಬಂತೆಂದು ನಮ್ಮ ಮನೆಗೂ ತರುವ ವಸ್ತು ಕೊನೆಯ ಸಾಲಿಗೆ ಹೋಗಲಿ.

4. ಹಬ್ಬದ ರಿಯಾಯಿತಿಯೆಂದು ಮಾಸಿಕ ಕಂತಿನ ಮೇಲೆ ಸಾಮಾನು ತರುವ ಮುನ್ನ ಯೋಚಿಸಿರಿ. ಕಂತು ತಿಂಗಳಿಗೊಮ್ಮೆ ಕಟ್ಟಬೇಕು, ನಮ್ಮ ಆದಾಯ ತಿಂಗಳಿಗೊಮ್ಮೆ ಬರುವುದಿಲ್ಲ.

5. ಈ ವರ್ಷ ಏನೂ ಎತ್ತಿಡದವರು ಗೊಬ್ಬರದ ಹಣ, ಆಳಿನ ಹಣವನ್ನು ಮೊದಲು ಬೇರೆ ಇಟ್ಟು, ಉಳಿದುದರಲ್ಲಿ ಹಬ್ಬ ಮಾಡತಕ್ಕದ್ದು.

ಗೋಪೂಜೆಯ ದಿನ ದನಗಳ ಕೊರಳಿಗೆ ಕಟ್ಟುವ ಅಡಿಕೆ, ಪಚ್ಚೆತೆನೆ, ಚೆಂಡುಹೂವಿನ ಸರ ನಮ್ಮ ತೋಟ-ಹಿತ್ತಲಿನದೇ. ಹಬ್ಬಕ್ಕೆ ಮುಖ್ಯವಾದುದನ್ನು ಹಿರಿಯರು ಮನೆಯಲ್ಲೇ ಇಟ್ಟುಹೋಗಿದ್ದಾರೆ. ಸಾಲಕ್ಕೆ ಕಾರಣವಾಗುವುದು ಆಮೇಲೆ ಸೇರಿಕೊಂಡವು. ತೋಟ ಚೆನ್ನಾಗಿದ್ದರೆ ಬರುವ ವರ್ಷವೂ ಹಬ್ಬ ಉಂಟು.

ಎಲ್ಲ ಸದಸ್ಯರಿಗೂ, ಅವರ ಮನೆಯವರಿಗೂ ದೀಪಾವಳಿಯ ಶುಭಾಶಯಗಳು.

— ಕಾರ್ಯದರ್ಶಿ