ತೊಂಬತ್ತೈದಕ್ಕೂ ತಪ್ಪಿದ ಗುಂಡು

ಗುರುಮಠಕಲ್ ಬಸ್ ನಿಲ್ದಾಣದಲ್ಲಿ ನಾರಾಯಣಪೇಟೆ ಕಡೆಯ ಬಸ್ಸು ತಡವಾದಷ್ಟೂ ಮೊಬೈಲ್ ಲೂಡೊ ರಂಗೇರುತ್ತದೆ. ಫೋನು ಒಂದು, ಅದರ ಮೇಲೆ ಬಾಗಿದ ತಲೆ ನಾಲ್ಕು, ಬೈಗುಳ ಅರ್ಧ ಕನ್ನಡ ಅರ್ಧ ತೆಲುಗು. ಕಾಯಿ ತನ್ನ ಸಾಲಿಗೆ ಹೊಗಲು ಎರಡೇ ಮನೆ ಬಾಕಿ. ಹಿಂದೆ ಬಿದ್ದವನಿಗೆ ಬೇಕಾದದ್ದು ಮೂರು. ಮೂರೇ ಬೀಳುತ್ತದೆ. ‘ಏ, ಇದರಾಗ ಶಕುನಿ ಕುಂತಾನಲೇ!’

ಶಕುನಿಯ ಮೇಲೆ ತಪ್ಪು ಹೊರಿಸುವ ಮೊದಲು ಸಣ್ಣ ಲೆಕ್ಕ ಹಾಕಬಹುದು. ದಾಳ ನ್ಯಾಯವಾಗಿ ಬಿದ್ದರೂ ಹತ್ತು ಸಲ ಉರುಳಿಸಿ ಒಂದೂ ಆರು ಬೀಳದಿರುವ ಸಾಧ್ಯತೆ ಶೇ 16. ಒಬ್ಬನಿಗೆ ಇದು ಅಪರೂಪದ ದುರದೃಷ್ಟ. ಆದರೆ ಆಡುವವರು ನಾಲ್ವರು. ಹಾಗಾಗಿ ಹೆಚ್ಚುಕಡಿಮೆ ಎರಡರಲ್ಲಿ ಒಂದು ಆಟದಲ್ಲಿ, ಹತ್ತು ಸರದಿ ಕಳೆದರೂ ಕಾಯಿ ಹೊರಬೀಳದೆ ಮುಖ ಊದಿಸಿಕೊಂಡು ಕುಳಿತವನೊಬ್ಬ ಇದ್ದೇ ಇರುತ್ತಾನೆ. ‘ನನಗಷ್ಟೇ ಹಿಂಗ್ಯಾಕೆ’ ಎಂದು ಅವನು ಕೇಳುವುದೂ ಸಹಜವೇ.

ಇದೇ ಸೀಮೆಯ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದು ಆಡಿದವರಿಗೆ ಈ ಸಂಕಟ ಹೊಸದಲ್ಲ. ನಾಲ್ಕು ಕವಡೆ ಬೀಳುವ ಬಗೆ ಹದಿನಾರು. ಅದರಲ್ಲಿ ಎರಡು ಬೀಳುವುದು ಆರು ಬಗೆಯಲ್ಲಿ. ನಾಲ್ಕರ ಚೌಕಾ, ಎಂಟರ ಬಾರಾ ಒಂದೊಂದೇ ಬಗೆಯಲ್ಲಿ. (ಕವಡೆಯ ಬೆನ್ನು ಹೊಟ್ಟೆ ಒಂದೇ ತೂಕವಲ್ಲವಾದ್ದರಿಂದ ನೆಲದ ಮೇಲೆ ಈ ಲೆಕ್ಕ ಕೊಂಚ ಹೆಚ್ಚುಕಮ್ಮಿಯೇ.) ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಪ್ರವೇಶವಿಲ್ಲ ಎಂಬ ಕಟ್ಟಳೆ ಬಹಳ ಕಡೆ ಉಂಟು. ಅಂದರೆ ಜಗಳ ಕಡ್ಡಾಯ, ಗೆಲುವು ಕವಡೆಯ ಮರ್ಜಿ.

ಆದರೂ ಅಲ್ಲಿ ಸಿಟ್ಟಿಗೆ ಒಂದು ವಿಳಾಸವಿತ್ತು. ‘ಕುಲುಕಲೇ ಇಲ್ಲ, ಹಂಗೇ ಇಟ್ಟಿ, ಮತ್ತ ಹಾಕು’ ಎಂದು ಅಜ್ಜಿಯ ಕೈಯನ್ನೇ ಹಿಡಿಯಬಹುದಿತ್ತು. ಫೋನಿನೊಳಗೆ ಕುಲುಕುವ ಕೈ ಯಾವುದು? ಕಾಣದ ಕೈಯ ಮೇಲೆ ಗುಮಾನಿ ಬೇಗ ಹುಟ್ಟುತ್ತದೆ. ಯಂತ್ರವೇ ಮೊದಲು ಮಾತು ಕೊಟ್ಟು ಆಮೇಲೆ ತಪ್ಪಿದರೆ ಕೇಳುವುದೇ ಬೇಡ.

ಅನ್ಯಗ್ರಹದವರೊಂದಿಗೆ ಸೆಣಸುವ ವಿಡಿಯೊ ಆಟ, 2012ರ ‘ಎಕ್ಸ್‌ಕಾಮ್: ಎನಿಮಿ ಅನ್‌ನೋನ್’ ಮಾಡುವುದು ಇದನ್ನೇ. ನಿಮ್ಮ ಸೈನಿಕ ಗುರಿಯಿಟ್ಟಾಗ ಗುಂಡು ತಾಗುವ ಸಾಧ್ಯತೆಯನ್ನು ತೆರೆಯ ಮೇಲೆ ಬರೆದು ತೋರಿಸುತ್ತದೆ: ಶೇ 95. ಗುಂಡು ಹಾರುತ್ತದೆ, ತಪ್ಪುತ್ತದೆ. ಮರುಸರದಿಯಲ್ಲಿ ಅನ್ಯಗ್ರಹದವನು ಆ ಸೈನಿಕನನ್ನೇ ಮುಗಿಸುತ್ತಾನೆ. ಲೆಕ್ಕದಲ್ಲಿ ಮೋಸವಿಲ್ಲ. ಅಂಥ ಇಪ್ಪತ್ತು ಗುಂಡು ಹಾರಿಸಿದರೆ ಒಂದಾದರೂ ತಪ್ಪುವ ಸಾಧ್ಯತೆ ಶೇ 64. ಆದರೆ 95 ಎಂದು ಓದಿದ ಮನಸ್ಸು ಅದನ್ನು ನೂರೆಂದೇ ಎಣಿಸಿಟ್ಟಿರುತ್ತದೆ.

ಈ ಆಟ ತಯಾರಿಸಿದ ಕಂಪನಿಯವರೇ ಆದ ಸಿಡ್ ಮೈಯರ್ 2010ರಲ್ಲಿ ಆಟ ತಯಾರಕರ ಸಮ್ಮೇಳನವೊಂದರಲ್ಲಿ ತಮ್ಮ ‘ಸಿವಿಲೈಸೇಶನ್’ ಆಟದ ಪರೀಕ್ಷೆಯ ಅನುಭವ ಹಂಚಿಕೊಂಡಿದ್ದರು. ಬಲ ಮೂರಕ್ಕೆ ಒಂದರಂತೆ ತಮ್ಮ ಕಡೆಗಿದ್ದೂ ಸೋತರೆ ಆಟಗಾರರು ತಕರಾರು ಎತ್ತುತ್ತಿದ್ದರಂತೆ. ಅದೇ ಬಲ ವೈರಿಯ ಕಡೆಗಿದ್ದು ತಾವು ಗೆದ್ದರೆ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅದು ತಮ್ಮ ಚಾಣಾಕ್ಷತನ! ಕೊನೆಗೆ ಬಾಗಿದ್ದು ಗಣಿತವೇ. ಸತತ ಸೋಲಾಗದಂತೆ ಲೆಕ್ಕ ತಿದ್ದಲಾಯಿತು. ಜಪಾನಿನ ‘ಫೈರ್ ಎಂಬ್ಲಮ್’ ಸರಣಿ 2002ರಿಂದಲೇ ಗುಟ್ಟಾಗಿ ಎರಡು ಸಂಖ್ಯೆ ಎತ್ತಿ ಸರಾಸರಿ ತೆಗೆಯತೊಡಗಿತ್ತು; ತೆರೆಯ ಮೇಲೆ ಶೇ 90 ಕಂಡರೆ ನಿಜದಲ್ಲಿ ಶೇ 98. ‘ಎಕ್ಸ್‌ಕಾಮ್ 2’ ಕೂಡ ಸುಲಭದ ಹಂತಗಳಲ್ಲಿ ಆಟಗಾರನ ಪರ ತಕ್ಕಡಿ ಒತ್ತುತ್ತದೆ. ಯಂತ್ರ ಮೋಸ ಮಾಡುತ್ತದೆ ಎಂಬ ಗುಮಾನಿ ಸುಳ್ಳಲ್ಲವೆಂದಾಯಿತು, ಮೋಸ ಮಾತ್ರ ನಮ್ಮ ಪರವಾಗಿ. ಈ ಮುಲಾಜು ನನಗೆ ಅಷ್ಟು ರುಚಿಸದು. 90 ಎಂದು ಬರೆದ ಮೇಲೆ ಹತ್ತಕ್ಕೊಮ್ಮೆ ಸೋಲಿಸಬೇಕು.

2012ರ ಆಟ ಆ ಮಟ್ಟಿಗೆ ಕಟುಕ. ಗುಂಡು ತಪ್ಪಿತೆಂದು ಉಳಿಸಿಟ್ಟ ಹಂತಕ್ಕೆ ಮರಳಿ ಅದನ್ನೇ ಮತ್ತೆ ಹಾರಿಸಿದರೆ ಮತ್ತೆ ತಪ್ಪುತ್ತದೆ. ಮುಂದೆ ಬರಬೇಕಾದ ಸಂಖ್ಯೆಗಳೂ ಆಟದ ಜೊತೆಗೇ ಉಳಿದಿರುತ್ತವೆ, ಹಣೆಬರಹದಂತೆ. ಇದಕ್ಕೂ ಆಟಗಾರರು ಉಪಾಯ ಕಂಡುಕೊಂಡಿದ್ದಾರೆ: ಮೊದಲು ಯಾವನೋ ಬಡಪಾಯಿ ಸೈನಿಕನಿಂದ ದೂರದ ವೈರಿಗೊಂದು ಗುಂಡು ಹೊಡೆಸಿ, ಆ ಕೆಟ್ಟ ಸಂಖ್ಯೆಯನ್ನು ಅವನ ತಲೆಗೆ ಕಟ್ಟುತ್ತಾರೆ.